ಗೋದಾಮಿನ ಬೀಗದ ಕೈ ಯಾರ ಬಳಿ ಇರಬೇಕು?



ಬರುವ ಮಹಾಸಭೆಯ ಮುಂದೆ ನಮ್ಮ ಸಂಘದ ಎರಡನೆಯ ಗೋದಾಮಿಗೂ ಹೊಸ ಡ್ರೈಯರ್ ಕೋಣೆಗೂ ಸ್ವಯಂಚಾಲಿತ ವ್ಯವಸ್ಥೆ ಅಳವಡಿಸುವ ಪ್ರಸ್ತಾಪ ಬರಲಿದೆ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಕೈ ಎತ್ತುವ ಮೊದಲು ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಈಗಿನ ಗೋದಾಮಿನ ಬಾಗಿಲಿನ ಬೀಗದ ಕೈ ಕಾರ್ಯದರ್ಶಿಗಳ ಮೇಜಿನಲ್ಲಿರುತ್ತದೆ. ಅದನ್ನು ಯಾರು ಎಷ್ಟು ಗಂಟೆಗೆ ತೆಗೆದುಕೊಂಡರು, ಯಾವಾಗ ಹಿಂದಿರುಗಿಸಿದರು ಎಂಬುದಕ್ಕೆ ಪುಸ್ತಕವೂ ಇದೆ. ಅದೇ ಗೋದಾಮಿನ ಫ್ಯಾನುಗಳಿಗೆ ಸುದ್ದಿ ಮುಟ್ಟಿಸುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಗೂ ಒಂದು ಬೀಗದ ಕೈ ಇದೆ. ಅದು ಅದರ ಪಾಸ್‌ವರ್ಡು. ಅದು ಯಾರ ಬಳಿ ಇದೆ? ಕಳೆದ ವರ್ಷದ ಮಳೆಗಾಲದವರೆಗೆ ಈ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮೊದಲು, ಗೋದಾಮಿಗೆ ಇಂಥ ವ್ಯವಸ್ಥೆ ಯಾಕೆ ಬೇಕು ಎಂಬುದನ್ನು ನೋಡೋಣ. ಕಾಫಿಯಾಗಲಿ ಚಾಲಿ ಅಡಿಕೆಯಾಗಲಿ, ಒಣಗಿಸಿ ಗೋಣಿ ತುಂಬಿದ ಮೇಲೂ ಸುತ್ತಲಿನ ಗಾಳಿಯಿಂದ ತೇವ ಹೀರುತ್ತಲೇ ಇರುತ್ತದೆ. ರಫ್ತು ಕಾಫಿಯ ತೇವಾಂಶ ಶೇ. 12.5 ಮೀರಬಾರದೆಂದು ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಗುಣಮಟ್ಟದ ಠರಾವು ಹೇಳುತ್ತದೆ. ಕಣದಲ್ಲಿ ಕಷ್ಟಪಟ್ಟು ಇಳಿಸಿದ ತೇವಾಂಶ ಗೋದಾಮಿನಲ್ಲಿ ಮತ್ತೆ ಏರಿದರೆ ನಮ್ಮ ದುಡಿಮೆ ನೀರುಪಾಲು. ಆದ್ದರಿಂದ ಫ್ಯಾನು ಹಾಕಿ ಗಾಳಿ ಆಡಿಸುತ್ತೇವೆ. ಆದರೆ ಯಾವ ಹೊತ್ತಿನ ಗಾಳಿ ಒಳ್ಳೆಯದು, ಯಾವ ಹೊತ್ತಿನದು ಕೆಟ್ಟದ್ದು ಎಂಬುದು ಕಣ್ಣಂದಾಜಿಗೆ ಸಿಕ್ಕುವುದಿಲ್ಲ.

ಒಂದು ಲೆಕ್ಕ ನೋಡಿ. ಗೋದಾಮಿನೊಳಗೆ 28 ಡಿಗ್ರಿ ಉಷ್ಣತೆ, ಶೇ. 60 ಆರ್ದ್ರತೆ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 16 ಗ್ರಾಂ ನೀರಿನ ಆವಿ ಇರುತ್ತದೆ. ಹೊರಗೆ ತಂಪಾದ ಮುಂಜಾವಿನಲ್ಲಿ 20 ಡಿಗ್ರಿ, ಶೇ. 85 ಆರ್ದ್ರತೆ ಎಂದಾದರೆ ಅಂಕಿ ದೊಡ್ಡದಾಗಿ ಕಂಡರೂ ಅಲ್ಲಿರುವುದು ಸುಮಾರು 15 ಗ್ರಾಂ ಮಾತ್ರ. ಆಗ ಫ್ಯಾನು ಹಾಕಿದರೆ ನಷ್ಟವಿಲ್ಲ. ಅದೇ ಮಳೆಯ ರಾತ್ರಿ 22 ಡಿಗ್ರಿ, ಶೇ. 97 ಇದ್ದಾಗ ಸುಮಾರು 19 ಗ್ರಾಂ. ಆಗ ಫ್ಯಾನು ತಿರುಗಿದರೆ ಒಣ ಗೋಣಿಗೆ ನಾವೇ ನೀರು ಚಿಮುಕಿಸಿದ ಹಾಗೆ. ಒಳಗಿನ ಗಾಳಿಯನ್ನೂ ಹೊರಗಿನ ಗಾಳಿಯನ್ನೂ ಅಳೆದು, ಹೋಲಿಸಿ, ಹೊರಗಿನದು ಒಣಗಿದ್ದಾಗ ಮಾತ್ರ ಫ್ಯಾನು ನಡೆಸುವುದು ಯಂತ್ರಕ್ಕೆ ತಕ್ಕ ಕೆಲಸ. ಇಪ್ಪತ್ತನಾಲ್ಕು ಗಂಟೆಯೂ ಇದನ್ನು ಲೆಕ್ಕ ಹಾಕುತ್ತ ಕೂರುವ ಆಳು ನಮಗೆಲ್ಲಿಂದ ಬರಬೇಕು?

ನಮ್ಮಲ್ಲಿ ಹೊರಗಾಳಿ ಅಳೆಯುವ ಸೆನ್ಸರು ಕಣದ ಶೆಡ್ಡಿನಲ್ಲಿದೆ. ಫ್ಯಾನುಗಳ ನಿಯಂತ್ರಕ ಗೋದಾಮಿನಲ್ಲಿದೆ. ಅಂಕಿಗಳನ್ನು ತೋರಿಸುವ ಕಂಪ್ಯೂಟರು ಕಚೇರಿಯಲ್ಲಿದೆ. ಮೂರು ಕಡೆಗೆ ಮೂರು ತಂತಿ ಲೈನು. ಒಂದು ಲೈನಿನ ಸುದ್ದಿಯನ್ನು ಇನ್ನೊಂದಕ್ಕೆ ದಾಟಿಸುವುದೇ ರೂಟರಿನ ಕೆಲಸ. ಅಂಚೆ ಕಚೇರಿಯ ವಿಂಗಡಣೆ ಮೇಜು ಎಂದುಕೊಳ್ಳಿ. 1972ರಲ್ಲಿ ಪಿನ್ ಕೋಡ್ ಬಂದ ಮೇಲೆ ಕಾಗದ ಮೊದಲು ಆ ಸಂಖ್ಯೆಯ ಊರಿಗೆ ಹೋಗುತ್ತದೆ, ಅಲ್ಲಿಂದ ಮನೆಗೆ ಹೋಗುತ್ತದೆ. ಇಲ್ಲಿಯೂ ಪ್ರತಿ ಲೈನಿಗೆ ಒಂದು ನೆಟ್‌ವರ್ಕ್ ಸಂಖ್ಯೆ, ಆ ಲೈನಿನ ಪ್ರತಿ ಉಪಕರಣಕ್ಕೆ ಒಂದು ವಿಳಾಸ.

ಈ ಉಪಕರಣಗಳು ಆಡುವ ಭಾಷೆಗೆ ಬ್ಯಾಕ್‌ನೆಟ್ ಎಂದು ಹೆಸರು. ಹಿಂದೆ ಒಂದೊಂದು ಕಂಪೆನಿಯ ಯಂತ್ರ ಒಂದೊಂದು ಭಾಷೆ ಆಡುತ್ತಿತ್ತು. ಒಬ್ಬರಿಂದ ಕೊಂಡರೆ ಕೊನೆಯವರೆಗೂ ಅವರ ಬಾಗಿಲಲ್ಲೇ ನಿಲ್ಲಬೇಕಿತ್ತು. ಅದನ್ನು ತಪ್ಪಿಸಲು ಅಮೆರಿಕದ ಹವಾನಿಯಂತ್ರಣ ಎಂಜಿನಿಯರರ ಸಂಘವಾದ ಆಶ್ರೇ 1987ರಲ್ಲಿ ಕೆಲಸ ಆರಂಭಿಸಿ, 1995ರಲ್ಲಿ ಎಲ್ಲ ಕಂಪೆನಿಗಳಿಗೂ ಸಾಮಾನ್ಯವಾದ ಈ ಭಾಷೆಯನ್ನು ಪ್ರಕಟಿಸಿತು. ಕೊಂಡವನು ಮಾರಿದವನ ಕೈಗೆ ಸಿಕ್ಕಿಬೀಳಬಾರದು ಎಂಬುದು ಅದರ ಮೂಲ ಉದ್ದೇಶಗಳಲ್ಲೊಂದು. ಹಾಗಿದ್ದೂ ನಾವು ಸಿಕ್ಕಿಬಿದ್ದೆವು. ಹೇಗೆ ಎಂಬುದನ್ನು ಹೇಳುತ್ತೇನೆ.

ಕಳೆದ ವರ್ಷ ಮೇ ತಿಂಗಳ ಕೊನೆಯ ಸಿಡಿಲಿಗೆ ರೂಟರ್ ಸುಟ್ಟುಹೋಯಿತು. ಎರಡು ದಿನ ಬಿಟ್ಟು ಗುತ್ತಿಗೆದಾರರ ಕಡೆಯ ಹೊಸ ಹುಡುಗ ಬೇರೊಂದು ರೂಟರ್ ತಂದು, ಹಳೆಯ ತಂತಿಗಳನ್ನೇ ಸಿಕ್ಕಿಸಿದ. ಹಸಿರು ದೀಪ ಮಿನುಗಿತು. ಗೋದಾಮಿನ ಅಂಕಿಗಳು ಕಂಪ್ಯೂಟರಿನಲ್ಲಿ ಬಂದವು. ಹುಡುಗ ಸಹಿ ಹಾಕಿಸಿಕೊಂಡು ಹೋದ. ಆದರೆ ಗೋದಾಮಿನ ಲೈನು ಸೆಕೆಂಡಿಗೆ 9600 ಬಿಟ್ ವೇಗದ್ದು, ಕಣದ ಲೈನು 38400 ವೇಗದ್ದು. ಹೊಸ ಪೆಟ್ಟಿಗೆ ಎರಡಕ್ಕೂ 9600 ಎಂದೇ ಇಟ್ಟುಕೊಂಡು ಬಂದಿತ್ತು. ಕಣದ ಸೆನ್ಸರು ಆಡಿದ ಮಾತು ಅದಕ್ಕೆ ತಿಳಿಯಲೇ ಇಲ್ಲ.

ಇಷ್ಟೇ ಆಗಿದ್ದರೆ ಫ್ಯಾನು ನಿಂತು ನಮಗೆ ತಿಳಿಯುತ್ತಿತ್ತು. ಆದದ್ದು ಬೇರೆ. ಇನ್ವರ್ಟರ್ ಇದ್ದುದರಿಂದ ಗೋದಾಮಿನ ನಿಯಂತ್ರಕಕ್ಕೆ ವಿದ್ಯುತ್ ಕಡಿದಿರಲಿಲ್ಲ. ಹೊಸ ಅಂಕಿ ಬಾರದಿದ್ದರೆ ಕೊನೆಗೆ ಬಂದ ಅಂಕಿಯನ್ನೇ ನಂಬಿಕೊಂಡಿರು ಎಂಬಂತೆ ಅದನ್ನು ಹೊಂದಿಸಲಾಗಿತ್ತು. ಕೊನೆಗೆ ಬಂದದ್ದು ಸಿಡಿಲಿಗೆ ಮೊದಲಿನ ಮಧ್ಯಾಹ್ನದ ಅಂಕಿ: 30 ಡಿಗ್ರಿ, ಶೇ. 50. ಅಂದರೆ ಒಣ ಗಾಳಿ. ಜೂನ್ ಮಳೆ ಹಿಡಿದ ಮೇಲೂ ಆ ಯಂತ್ರದ ಪಾಲಿಗೆ ಹೊರಗೆ ಮೇ ತಿಂಗಳ ಬಿಸಿಲೇ. ಹಗಲಿರುಳು ಫ್ಯಾನು ತಿರುಗಿ ಮಳೆಗಾಳಿಯನ್ನು ಒಳಗೆಳೆಯಿತು. ಹನ್ನೊಂದು ದಿನ.

ಕಂಡುಹಿಡಿದವರು ಎಂಜಿನಿಯರರಲ್ಲ. ಮೂಟೆ ಹೊರುವವರಲ್ಲಿ ಒಬ್ಬರು ಕಚೇರಿಯ ಬಾಗಿಲಲ್ಲಿ ಮಳೆಗೆ ನಿಂತಿದ್ದಾಗ ಕಂಪ್ಯೂಟರ್ ಕಡೆ ನೋಡಿ, "ಹೊರಗೆ ಹೀಗೆ ಹೊಯ್ತಾ ಇದೆ, ಇದ್ರಲ್ಲಿ ಇನ್ನೂ ಐವತ್ತು ಅಂತಾನೇ ಬರ್ತಿದೆಯಲ್ಲ ಸಾರ್, ಇದಕ್ಕೆ ಮಳೆ ಗೊತ್ತಾಗಲ್ವಾ?" ಎಂದರು. ಆ ಮಾತಿಗೆ ನಾವೆಲ್ಲ ಗೋದಾಮಿಗೆ ಓಡಿದೆವು. ಗೋಡೆ ಬದಿಯ ಗೋಣಿಗಳಿಗೆ ಆಗಲೇ ಬೂಷ್ಟಿನ ವಾಸನೆ.

ಫ್ಯಾನು ನಿಲ್ಲಿಸೋಣವೆಂದರೆ ಕೈಯಿಂದ ನಿಲ್ಲಿಸುವ ಸ್ವಿಚ್ಚು ಇರಲಿಲ್ಲ. ಮೇನ್ ಫ್ಯೂಸು ಕಿತ್ತು ನಿಲ್ಲಿಸಿದೆವು. ರೂಟರನ್ನು ಸರಿಪಡಿಸೋಣವೆಂದರೆ ಪಾಸ್‌ವರ್ಡು ಆ ಹುಡುಗನ ಫೋನಿನಲ್ಲಿ. ಹುಡುಗ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದ. ಹಳೆಯ ರೂಟರಿನಲ್ಲಿ ಯಾವ ಲೈನಿಗೆ ಯಾವ ಸಂಖ್ಯೆ, ಯಾವ ವೇಗ ಇತ್ತು ಎಂದು ಬರೆದಿಟ್ಟ ಒಂದು ಚೀಟಿಯೂ ಸಂಘದಲ್ಲಿರಲಿಲ್ಲ. ಸರಿಯಾಗುವಷ್ಟರಲ್ಲಿ ಇನ್ನೂ ನಾಲ್ಕು ದಿನ ಕಳೆಯಿತು. ಆಷಾಢದ ಮಳೆಯಲ್ಲಿ ಸೌದೆ ಉರಿಸಿ ಮಾಲನ್ನು ಮತ್ತೆ ಒಣಗಿಸಿದ್ದೂ, ದರ್ಜೆ ಇಳಿದದ್ದೂ, ಮಾಲಿಟ್ಟ ಸದಸ್ಯರಿಗೆಲ್ಲ ಗೊತ್ತಿರುವ ಸಂಗತಿ.

ಗುತ್ತಿಗೆದಾರರನ್ನು ಬೈದು ಮುಗಿಸುವುದು ಸುಲಭ. ಆದರೆ ಅವರಿಂದ ಆ ಕಾಗದಗಳನ್ನು ನಾವು ಕೇಳಿದ್ದೆವೆ? ಇಲ್ಲ. ತಕ್ಕಡಿ ಕೊಂಡರೆ ಮುದ್ರೆ ನೋಡುತ್ತೇವೆ, ಪಂಪು ಕೊಂಡರೆ ಗ್ಯಾರಂಟಿ ಕಾರ್ಡು ಕೇಳುತ್ತೇವೆ. ಇಲ್ಲಿ ಮಾತ್ರ "ಅದೆಲ್ಲ ಕಂಪ್ಯೂಟರಿನವರ ಕೆಲಸ" ಎಂದು ಕೈಕಟ್ಟಿ ಕುಳಿತೆವು. ರೂಟರ್ ಯಾರದ್ದೇ ಇರಲಿ, ಅದರೊಳಗೆ ಬರೆದಿರುವ ಲೆಕ್ಕ ಸಂಘದ ಆಸ್ತಿ. ಅದು ಸಂಘದ ಕಪಾಟಿನಲ್ಲೇ ಇರಬೇಕು. ನನ್ನ ವಾದ ಇಷ್ಟೇ.

ಹಾಗಾದರೆ ಏನನ್ನು ಕೇಳಬೇಕು? ಕಲಿಯಲಾರದಷ್ಟು ದೊಡ್ಡ ವಿದ್ಯೆ ಇದಲ್ಲ.

ಮೊದಲನೆಯದು ಸಂಖ್ಯೆಗಳು. ಪ್ರತಿ ಲೈನಿಗೆ 1ರಿಂದ 65534ರೊಳಗಿನ ಒಂದು ನೆಟ್‌ವರ್ಕ್ ಸಂಖ್ಯೆ. ಎರಡು ಲೈನಿಗೆ ಒಂದೇ ಸಂಖ್ಯೆ ಬಂದರೆ ಎರಡು ಊರಿಗೆ ಒಂದೇ ಪಿನ್ ಕೋಡ್ ಕೊಟ್ಟ ಹಾಗೆ. ಲೈನಿನಲ್ಲಿರುವ ಪ್ರತಿ ಉಪಕರಣಕ್ಕೂ ಬೇರೆ ಬೇರೆ ವಿಳಾಸ. ಈ ಲೈನುಗಳಲ್ಲಿ ಉಪಕರಣಗಳು ಸರದಿಯ ಮೇಲೆ ಮಾತಾಡುತ್ತವೆ. ಒಂದೇ ವಿಳಾಸದವು ಎರಡಿದ್ದರೆ ಸರದಿ ಕೆಟ್ಟು ಇಡೀ ಲೈನು ಗೊಂದಲಕ್ಕೆ ಬೀಳುತ್ತದೆ. ಲೈನಿನ ವೇಗ ರೂಟರಿನಲ್ಲೂ ಅದರ ಎಲ್ಲ ಉಪಕರಣಗಳಲ್ಲೂ ಒಂದೇ ಇರಬೇಕು. ಕಚೇರಿಯ ಕಂಪ್ಯೂಟರ್ ಕಡೆಗೆ ರೂಟರಿನ ವಿಳಾಸ ಸ್ಥಿರವಾಗಿರಬೇಕು, ದಿನಕ್ಕೊಂದು ಬದಲಾಗಬಾರದು. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ, ಒಂದು ಪ್ರತಿಯನ್ನು ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿ, ಇನ್ನೊಂದನ್ನು ಕಪಾಟಿನಲ್ಲಿಡಬೇಕು. ಪಾಸ್‌ವರ್ಡು ಮಾತ್ರ ಪೆಟ್ಟಿಗೆಯ ಮೇಲೆ ಬೇಡ. ಅದು ಮೊಹರು ಮಾಡಿದ ಲಕೋಟೆಯಲ್ಲಿ, ಠೇವಣಿ ರಸೀದಿಗಳ ಜೊತೆಯಲ್ಲಿರಲಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಆ ಮಾದರಿ ಕೊಂಡವರಿಗೆಲ್ಲ ಅದು ತಿಳಿದಿರುತ್ತದೆ.

ಎರಡನೆಯದು ತಂತಿ. ಆರ್‌ಎಸ್-485 ಎಂಬ ಈ ಲೈನು ಹೆಣೆದ ಜೋಡಿ ತಂತಿಯಲ್ಲಿ ಒಂದು ಉಪಕರಣದಿಂದ ಮುಂದಿನದಕ್ಕೆ ಸರಪಳಿಯಂತೆ ಹೋಗಬೇಕು. ಮಾವಿನ ಕೊಂಬೆಯಂತೆ ನಾಲ್ಕು ದಿಕ್ಕಿಗೆ ಕವಲೊಡೆಯಬಾರದು. ಸರಪಳಿಯ ಎರಡು ತುದಿಗಳಲ್ಲಿ ಮಾತ್ರ 120 ಓಮಿನ ರೆಸಿಸ್ಟರ್ ಇರಬೇಕು. ಇಲ್ಲದಿದ್ದರೆ ತುದಿಗೆ ಬಡಿದ ಸಂಕೇತ ಹಿಂದಕ್ಕೆ ಮರಳಿ ಮಾತು ಕಲಸಿಹೋಗುತ್ತದೆ. ಕಡಿಮೆ ವೇಗದಲ್ಲಿ ಇದು ಸುಮಾರು 1200 ಮೀಟರ್‌ವರೆಗೆ ಸಾಗಬಲ್ಲದು. ತಂತಿಯ ಮೇಲಿನ ಲೋಹದ ಹೊದಿಕೆಯನ್ನು ಒಂದೇ ಕಡೆ ಅರ್ತ್ ಮಾಡಬೇಕು.

ಮಲೆನಾಡಿನವರಾದ ನಮಗೆ ಇಲ್ಲಿ ಇನ್ನೊಂದು ಮಾತುಂಟು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ತಂತಿ ಎಳೆದರೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ, ಹತ್ತಿರ ಬಿದ್ದರೂ ಎರಡು ಕಟ್ಟಡಗಳ ಅರ್ತಿನ ನಡುವೆ ವೋಲ್ಟೇಜು ಏರಿ ಪೆಟ್ಟಿಗೆ ಸುಡುತ್ತದೆ. ಕಣದಿಂದ ಗೋದಾಮಿಗೆ ಗಾಜಿನ ಎಳೆಯ ಫೈಬರ್ ಹಾಕಿದರೆ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹದ ಎಳೆಯಿಲ್ಲದ ಫೈಬರನ್ನೇ ಕೇಳಿ ಪಡೆಯಬೇಕು. ಮೊದಲ ಖರ್ಚು ತುಸು ಹೆಚ್ಚು. ಆದರೆ ನಾವು ಕಳೆದ ವರ್ಷ ಉರಿಸಿದ ಸೌದೆಯ ಲೆಕ್ಕವನ್ನೂ ಎದುರಿಗಿಟ್ಟು ನೋಡಬೇಕಲ್ಲವೇ?

ಮೂರನೆಯದು, ಸಂಪರ್ಕ ಕಡಿದರೆ ಏನು ಮಾಡಬೇಕೆಂಬ ಆಜ್ಞೆ. ನಮ್ಮನ್ನು ಕೆಡಿಸಿದ್ದು ಇದೇ. ಹದಿನೈದು ನಿಮಿಷ ಹೊಸ ಅಂಕಿ ಬಾರದಿದ್ದರೆ ಫ್ಯಾನು ನಿಲ್ಲಿಸು, ಗಂಟೆ ಬಾರಿಸು ಎಂದು ನಿಯಂತ್ರಕಕ್ಕೆ ಮೊದಲೇ ಹೇಳಿಡಬಹುದು. ಕೆಲಸ ಒಪ್ಪಿಕೊಳ್ಳುವ ದಿನ ನಮ್ಮವರೊಬ್ಬರು ಎದುರಿಗೇ ಕಣದ ಲೈನಿನ ತಂತಿ ಕಿತ್ತು ನೋಡಬೇಕು. ಫ್ಯಾನು ನಿಂತು ಗಂಟೆ ಬಾರಿಸಿದರೆ ಸಹಿ, ಇಲ್ಲದಿದ್ದರೆ ಇಲ್ಲ. ಹಸಿರು ದೀಪ ನೋಡಿ ಸಹಿ ಹಾಕುವ ಪದ್ಧತಿ ಇಲ್ಲಿಗೆ ಸಾಕು. ಪ್ರತಿ ಫ್ಯಾನಿಗೂ ಕೈಯಿಂದ ನಡೆಸುವ, ನಿಲ್ಲಿಸುವ, ಯಂತ್ರಕ್ಕೆ ಬಿಡುವ ಮೂರು ಸ್ಥಾನದ ಸ್ವಿಚ್ಚು ಬೇಕೇ ಬೇಕು.

ನಾಲ್ಕನೆಯದು ಇಂಟರ್‌ನೆಟ್ಟಿನ ಬಾಗಿಲು. ಇದನ್ನು ತುಸು ಬಿಡಿಸಿ ಹೇಳಬೇಕು. ಪಟ್ಟಣದಲ್ಲಿ ಕುಳಿತೇ ರಿಪೇರಿ ಮಾಡಿಕೊಡುತ್ತೇವೆ, ಅದಕ್ಕಾಗಿ ನಿಮ್ಮ ಇಂಟರ್‌ನೆಟ್ ಪೆಟ್ಟಿಗೆಯಲ್ಲಿ ಒಂದು ಬಾಗಿಲು ತೆರೆದಿಡಿ ಎಂದು ಗುತ್ತಿಗೆದಾರರು ಕೇಳುವುದುಂಟು. ಬ್ಯಾಕ್‌ನೆಟ್ ಬಳಸುವ ಆ ಬಾಗಿಲಿನ ಸಂಖ್ಯೆ 47808. ಸಾಮಾನ್ಯ ಬ್ಯಾಕ್‌ನೆಟ್‌ನಲ್ಲಿ "ಫ್ಯಾನು ನಿಲ್ಲಿಸು" ಎಂದು ಹೇಳಿದವನು ಯಾರೆಂದು ಉಪಕರಣ ವಿಚಾರಿಸುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. ಒಂದೇ ಕಟ್ಟಡದೊಳಗೆ ನಂಬಿಕೆಯ ಮೇಲೆ ನಡೆಯಲೆಂದು ಮಾಡಿದ ಪದ್ಧತಿ ಅದು. ಆ ಬಾಗಿಲನ್ನು ಹೊರಲೋಕಕ್ಕೆ ತೆರೆದರೆ ಗೋದಾಮನ್ನು ಸಂತೆಯಲ್ಲಿ ತೆರೆದಿಟ್ಟ ಹಾಗೆ.

ಕಾಡಿನ ನಡುವಿನ ನಮ್ಮ ಗೋದಾಮನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎನ್ನುವವರಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಕಾಡೂ ಇಲ್ಲ, ದೂರವೂ ಇಲ್ಲ. 2016ರ ನವೆಂಬರಿನಲ್ಲಿ ಫಿನ್‌ಲೆಂಡಿನ ಲಪ್ಪೇನ್‌ರಾಂತ ಎಂಬ ಊರಿನಲ್ಲಿ, ಹೊರಗಿನಿಂದ ಸುರಿದ ಸುಳ್ಳು ಕರೆಗಳ ಭಾರಕ್ಕೆ ನಿಯಂತ್ರಕಗಳು ಕುಸಿದು ಎರಡು ವಸತಿ ಕಟ್ಟಡಗಳನ್ನು ಬೆಚ್ಚಗಿಡುವ ವ್ಯವಸ್ಥೆಯೂ ಬಿಸಿನೀರಿನ ವ್ಯವಸ್ಥೆಯೂ ನಿಂತುಹೋಯಿತು. 2021ರಲ್ಲಿ ಜರ್ಮನಿಯ ಒಂದು ಕಚೇರಿ ಕಟ್ಟಡದಲ್ಲಿ ನಡೆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಲ್ಲಿದ್ದದ್ದು ಕೆಎನ್‌ಎಕ್ಸ್ ಎಂಬ ಬೇರೊಂದು ಪದ್ಧತಿ. ದೀಪದ ಸ್ವಿಚ್ಚು, ಕಿಟಕಿಯ ಷಟರು ಮೊದಲಾದ ನೂರಾರು ಉಪಕರಣಗಳಿಗೆ ಬೀಗಪದ ಹಾಕುವ ಸೌಕರ್ಯವಿದ್ದರೂ ಯಾರೂ ಹಾಕಿರಲಿಲ್ಲ. ತೆರೆದಿಟ್ಟ ಬಾಗಿಲಿನಿಂದ ಒಳಹೊಕ್ಕ ಅಪರಿಚಿತರು ಮುಕ್ಕಾಲು ಪಾಲು ಉಪಕರಣಗಳನ್ನು ಅಳಿಸಿ, ತಮ್ಮದೇ ಬೀಗಪದ ಹಾಕಿ ಹೋದರು. ದೀಪ ಹೊತ್ತಿಸಲು ಮೇನ್ ಸ್ವಿಚ್ಚಿನ ಬಳಿಗೇ ಹೋಗಬೇಕಾಯಿತು. ಕೊನೆಗೆ ತಜ್ಞರು ಒಂದು ಉಪಕರಣದ ಮೆಮೊರಿಯೊಳಗಿಂದ ಆ ಪದವನ್ನು ಹುಡುಕಿ ತೆಗೆದರು. ನಾವು ಬೀಗ ಹಾಕದ ಬಾಗಿಲಿಗೆ ಕಳ್ಳನೇ ಬೀಗ ಹಾಕಿಕೊಂಡು ಹೋದ ಕಥೆ ಇದು.

ಆದ್ದರಿಂದ 47808ರ ಬಾಗಿಲು ಹೊರಕ್ಕೆ ತೆರೆಯಬಾರದು. ದೂರದಿಂದ ನೋಡಲೇಬೇಕಾದರೆ ವಿಪಿಎನ್ ಎಂಬ ಗುಪ್ತದಾರಿ ಇದೆ. ಅದನ್ನು ಕೇಳಿದಾಗ ಮಾತ್ರ ನಾವೇ ತೆರೆದು, ಕೆಲಸ ಮುಗಿದೊಡನೆ ಮುಚ್ಚಬೇಕು. ಪರಸ್ಪರ ಗುರುತುಪತ್ರ ನೋಡಿಯೇ ಮಾತಾಡುವ ಬ್ಯಾಕ್‌ನೆಟ್ ಸೆಕ್ಯೂರ್ ಕನೆಕ್ಟ್ ಎಂಬ ಹೊಸ ಬಗೆ 2019ರಲ್ಲಿ ಬಂದಿದೆ. ಹೊಸ ಗೋದಾಮಿಗೆ ಅದನ್ನು ಬಲ್ಲ ರೂಟರನ್ನೇ ಕೇಳುವುದು ಒಳ್ಳೆಯದು. ಆದರೆ ಆ ಗುರುತುಪತ್ರಗಳಿಗೂ ಅವಧಿಯುಂಟು. ಮುಗಿಯುವ ದಿನಾಂಕ ನಮ್ಮ ಪುಸ್ತಕದಲ್ಲಿರಬೇಕು.

ಇಷ್ಟು ಓದಿದ ಮೇಲೆ ಎರಡು ಬಗೆಯ ಮಾತು ಬರುತ್ತದೆಂದು ಬಲ್ಲೆ. ಇಷ್ಟೆಲ್ಲ ರಗಳೆ ಯಾಕೆ, ಹಳೆಯ ಹಾಗೆ ಸ್ವಿಚ್ಚು ಹಾಕಿ ತೆಗೆಯೋಣ ಎನ್ನುವವರು ಕೆಲವರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೇ ಕೋಣೆ, ನಾಲ್ಕೇ ಫ್ಯಾನು, ಒಂದೇ ನಿಯಂತ್ರಕ ಇರುವಲ್ಲಿ ಒಳಗೊಂದು ಹೊರಗೊಂದು ಸೆನ್ಸರನ್ನು ನೇರವಾಗಿ ಅದಕ್ಕೇ ಜೋಡಿಸಿದರೆ ಸಾಕು, ರೂಟರ್ ಬೇಕಿಲ್ಲ. ಮಾರುವವರು ಹೇಳಿದರೆಂದು ಕೊಳ್ಳಬಾರದು. ಬೇರೆ ಬೇರೆ ಕಟ್ಟಡ, ಬೇರೆ ಬೇರೆ ಲೈನು ಒಂದರ ಮಾತು ಒಂದು ಕೇಳಬೇಕಾದಾಗ ಮಾತ್ರ ಅದು ಬೇಕು. ನಮ್ಮ ಕಣ, ಡ್ರೈಯರ್, ಎರಡು ಗೋದಾಮುಗಳ ವಿಷಯದಲ್ಲಿ ಅದು ಬೇಕೆಂದೇ ನನ್ನ ಅಭಿಪ್ರಾಯ.

ವಾರ್ಷಿಕ ಒಪ್ಪಂದ ಮಾಡಿ ಎಲ್ಲವನ್ನೂ ಕಂಪೆನಿಗೇ ಒಪ್ಪಿಸಿ ನಿಶ್ಚಿಂತರಾಗಿರೋಣ ಎನ್ನುವವರು ಇನ್ನು ಕೆಲವರು. ಒಪ್ಪಂದ ಇರಲಿ, ಬೇಡವೆನ್ನುವುದಿಲ್ಲ. ಆದರೆ ಸೇತುವೆ ಮುಳುಗಿದ ದಿನ ಕಂಪೆನಿಯ ವ್ಯಾನು ಬರುವುದಿಲ್ಲ, ಗೋಣಿಗೆ ಬೂಷ್ಟು ಮಾತ್ರ ಬರುತ್ತದೆ. ಆ ದಿನಕ್ಕಾಗಿ ನಮ್ಮ ಸಿಬ್ಬಂದಿಯಲ್ಲಿ ಒಬ್ಬರಲ್ಲ, ಇಬ್ಬರಿಗೆ ಇದನ್ನು ಕಲಿಸಬೇಕು. ಒಬ್ಬರೇ ಕಲಿತರೆ ಬೀಗದ ಕೈ ಮತ್ತೆ ಒಬ್ಬರ ಜೇಬಿಗೆ ಹೋದ ಹಾಗಾಯಿತು. ಡಿಪ್ಲೊಮಾ, ಐಟಿಐ ಓದಿದ ಹುಡುಗ ಹುಡುಗಿಯರು ಸದಸ್ಯರ ಮನೆಗಳಲ್ಲೇ ಇದ್ದಾರೆ. ಸಂಖ್ಯೆ, ವೇಗ ಎಲ್ಲ ಮೊದಲೇ ತುಂಬಿಟ್ಟ ಇನ್ನೊಂದು ರೂಟರ್ ಕಪಾಟಿನಲ್ಲಿದ್ದರೆ, ಸಿಡಿಲು ಬಡಿದ ಮಧ್ಯಾಹ್ನವೇ ಅವರು ಬದಲಿಸಿಯಾರು.

1973ರಲ್ಲಿ ಕರ್ನಾಟಕ, ಕೇರಳಗಳ ಅಡಿಕೆ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದ್ದು ಧಾರಣೆಯ ಮಾತು ಬೇರೆಯವರ ಬಾಯಲ್ಲೇ ಉಳಿಯಬಾರದೆಂದು. 1996ರ ಹೊತ್ತಿಗೆ ಕಾಫಿ ಮಾರಾಟ ಪೂರ್ತಿ ಮುಕ್ತವಾದಾಗ, ಯಾರಿಗೆ ಯಾವಾಗ ಮಾರಬೇಕೆಂಬ ತೀರ್ಮಾನ ನಮ್ಮ ಕೈಗೆ ಬಂತು; ಅದರ ಜೊತೆಗೇ ಮಾಲನ್ನು ಕೆಡದಂತೆ ಕಾಪಾಡಿಕೊಂಡು ಕಾಯುವ ಹೊಣೆಯೂ ಬಂತು. ಒಳ್ಳೆಯ ಧಾರಣೆಗೆ ಕಾಯಬೇಕಾದರೆ ಗೋದಾಮು ನಂಬಿಕೆಯದ್ದಾಗಿರಬೇಕು. ಸಣ್ಣ ಬೆಳೆಗಾರನ ಮನೆಯಲ್ಲಿ ಅಂಥ ಗೋದಾಮಿಲ್ಲ, ಸಂಘದಲ್ಲಿದೆ. ಹತ್ತು ಮೂಟೆ ಇಟ್ಟವನ ಹತ್ತೂ ಬೂಷ್ಟು ಹಿಡಿದರೆ ಅವನ ಆ ವರ್ಷವೇ ಹೋಯಿತು.

ಆದ್ದರಿಂದ ನನ್ನ ಸೂಚನೆ ಇಷ್ಟು. ಪ್ರಸ್ತಾಪವನ್ನು ಒಪ್ಪೋಣ. ಆದರೆ ಸಂಖ್ಯೆಗಳ ಹಾಳೆ, ಪಾಸ್‌ವರ್ಡಿನ ಲಕೋಟೆ, ರೂಟರಿನ ಸೆಟ್ಟಿಂಗಿನ ಪ್ರತಿಯಿರುವ ಪೆನ್ ಡ್ರೈವ್, ತಂತಿ ಹೋದ ದಾರಿಯ ನಕ್ಷೆ, ಇವು ನಾಲ್ಕೂ ಸಂಘದ ಕೈ ಸೇರಿ, ತಂತಿ ಕಿತ್ತು ನೋಡುವ ಪರೀಕ್ಷೆ ಮುಗಿಯುವವರೆಗೆ ಕೊನೆಯ ಕಂತು ಪಾವತಿಸತಕ್ಕದ್ದಲ್ಲ ಎಂಬ ಷರತ್ತನ್ನು ಠರಾವಿನಲ್ಲಿಯೇ ಸೇರಿಸೋಣ. ಪ್ರತಿ ವರ್ಷ ಮೇ ಮೊದಲ ವಾರ, ಮಳೆಗೆ ಮುನ್ನ ಮಾಡಿನ ಹಂಚು ನೋಡುವ ದಿನವೇ, ಈ ಪರೀಕ್ಷೆಯನ್ನೂ ಮಾಡೋಣ.

ಸದಸ್ಯ ಬಂಧುಗಳು ಮಹಾಸಭೆಗೆ ತಪ್ಪದೆ ಬಂದು ಈ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ. ನನ್ನ ಮಾತಿನಲ್ಲಿ ತಪ್ಪಿದ್ದರೆ ಅಲ್ಲಿಯೇ ತಿದ್ದಿ. ಮಳೆಗಾಲ ಬಂದ ಮೇಲೆ ತಿದ್ದಿದರೆ ಪ್ರಯೋಜನವಿಲ್ಲ.